ವಿದ್ವತ್ ಪರೀಕ್ಷೆ, ಬೋ ಹಿಡಿದ ಕೈ ನಡುಕ: ಪ್ರೊಪ್ರನೊಲಾಲ್ ಕೊಡಬಹುದೇ?

ಪ್ರಶ್ನೆ:
ಶಿಷ್ಯೆಯೊಬ್ಬಳಿಗೆ ಮುಂದಿನ ತಿಂಗಳು ಪಿಟೀಲು ವಿದ್ವತ್ ಪ್ರಾಯೋಗಿಕ ಪರೀಕ್ಷೆ. ಮನೆಯಲ್ಲಿ ಚೆನ್ನಾಗಿ ನುಡಿಸುತ್ತಾಳೆ. ಎದುರಿಗೆ ನಾಲ್ಕು ಜನ ಕೂತರೆ ಸಾಕು, ಬಲಗೈ ನಡುಗಿ ಉದ್ದನೆಯ ಕಾರ್ವೆಯಲ್ಲಿ (ಒಂದೇ ಸ್ವರ ಎಳೆದು ನಿಲ್ಲಿಸುವಾಗ) ಬೋ, ಅಂದರೆ ಕಮಾನು, ತಂತಿಯ ಮೇಲೆ ಕುಣಿಯುತ್ತದೆ. ಯಾರೋ ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಸಿಪ್ಲಾರ್ ಎಲ್‌ಎ 40 ಕೊಟ್ಟು, ಅರ್ಧ ಗಂಟೆ ಮೊದಲು ಒಂದು ನುಂಗು ಅಂದಿದ್ದಾರಂತೆ. ವಯಸ್ಸು 22. ಬಿಪಿ, ಶುಗರ್ ಇಲ್ಲ. ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ, ಅಷ್ಟೇ.

ಉತ್ತರ 1:
ಎಲ್‌ಎ ಬೇಡ. ಅದು ಔಷಧವನ್ನು ದಿನವಿಡೀ ನಿಧಾನವಾಗಿ ಬಿಡುವ ಬಗೆ, ಬಿಪಿ ಅಥವಾ ಮೈಗ್ರೇನ್‌ಗೆ ದಿನಾ ತಗೊಳ್ಳುವವರಿಗೆ. ಅರ್ಧ ಗಂಟೆ ಮೊದಲು ನುಂಗಿದರೆ ಮೊದಲಿಗೆ ನುಡಿಸುವ ವರ್ಣ ಮುಗಿದರೂ ಅದು ಪೂರ್ತಿ ಹತ್ತಿರುವುದಿಲ್ಲ. ವೇದಿಕೆಗೆ ವೈದ್ಯರು ಬರೆಯುವುದು ಸಾದಾ ಪ್ರೊಪ್ರನೊಲಾಲ್: 10ರಿಂದ 40 ಮಿಲಿಗ್ರಾಂ, ಸುಮಾರು ಒಂದು ಗಂಟೆ ಮೊದಲು. ನುಂಗಿದ್ದರಲ್ಲಿ ಬಹುಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಕರಗಿಸಿಬಿಡುತ್ತದೆ, ಎಷ್ಟು ಕರಗಿಸುತ್ತದೆ ಎನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಾಗಾಗಿ 10ರಿಂದ ಶುರು, ಅದೂ ಪರೀಕ್ಷೆಯಿಲ್ಲದ ಒಂದು ದಿನ ಮನೆಯಲ್ಲಿ. ತಲೆ ತಿರುಗುವುದು, ಮಂಕು ಕವಿಯುವುದು ಇದ್ದರೆ ಆವತ್ತೇ ಗೊತ್ತಾಗುತ್ತದೆ. ಇನ್ನೊಂದು, ಮಾತ್ರೆ ತಡೆಯುವುದು ಎದೆಬಡಿತ ಮತ್ತು ನಡುಕವನ್ನು. ತಲೆಯೊಳಗಿನ ಭಯ ಅಲ್ಲೇ ಇರುತ್ತದೆ. ಮರೆತ ಚರಣ ನೆನಪಾಗುವುದಿಲ್ಲ.

ಉತ್ತರ 2:
ಮೇಲಿನ ಲೆಕ್ಕವೆಲ್ಲ ಸರಿ, ಆದರೆ ಈ ಹುಡುಗಿಗೆ ಅದು ಹೊಂದುವುದಿಲ್ಲ. "ಸ್ವಲ್ಪ ಉಬ್ಬಸ, ಅಷ್ಟೇ" ಅಂದಿರಲ್ಲ, ತೊಡಕು ಅಲ್ಲೇ ಇದೆ. ದೇಹದಲ್ಲಿ ಅಡ್ರಿನಲಿನ್ ಕೆಲಸ ಮಾಡುವ ಬಾಗಿಲುಗಳಾದ ಬೀಟಾ-1 (ಹೆಚ್ಚಾಗಿ ಹೃದಯದಲ್ಲಿ), ಬೀಟಾ-2 ಎರಡನ್ನೂ ಪ್ರೊಪ್ರನೊಲಾಲ್ ಮುಚ್ಚುತ್ತದೆ. ಕೈ ನಡುಕ ನಿಲ್ಲುವುದು ಸ್ನಾಯುವಿನ ಬೀಟಾ-2 ಮುಚ್ಚಿದ್ದರಿಂದ. ಶ್ವಾಸನಾಳವನ್ನು ತೆರೆದಿಡುವುದೂ ಅದೇ ಬೀಟಾ-2. ಒಂದೇ ಮಾತ್ರೆಗೆ ಉಬ್ಬಸ ಕೆರಳಬಹುದು. ಆಗ ಸಾಲ್ಬುಟಮಾಲ್ ಇನ್‌ಹೇಲರ್ ಎಳೆದರೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ಬೇಕಾದ ಬಾಗಿಲೇ ಮುಚ್ಚಿರುತ್ತದೆ.

ಪ್ರಶ್ನೆ ಕೇಳಿದವರು:
ಇದೇ ಗುಂಪಿನ ಅಟೆನೊಲಾಲ್ ಹೃದಯಕ್ಕೆ ಮಾತ್ರ ಅನ್ನುತ್ತಾರಲ್ಲ, ಅದಾದರೆ?

ಉತ್ತರ 2:
ಹೆಚ್ಚಾಗಿ ಹೃದಯಕ್ಕೆ, ಪೂರ್ತಿ ಅಲ್ಲ. ಉಬ್ಬಸದವರಿಗೆ ಅಪಾಯ ಕಡಿಮೆಯಾದೀತು, ಇಲ್ಲವಾಗುವುದಿಲ್ಲ. ಬೀಟಾ-2 ಬಿಟ್ಟಷ್ಟೂ ನಡುಕದ ಮೇಲಿನ ಹಿಡಿತವೂ ಸಡಿಲ. ನಿಮಗೆ ಬೇಕಿದ್ದದ್ದು ಅದೇ ತಾನೇ? ಯಾವುದೇ ಆಗಲಿ, ವೈದ್ಯರು ಎದೆ ಪರೀಕ್ಷಿಸದೆ ಬೇಡ. ಆ ಸಿಪ್ಲಾರ್ ಮಾತ್ರೆ ವಾಪಸ್ ಕೊಟ್ಟುಬಿಡಿ.

ಉತ್ತರ 1:
ಉಬ್ಬಸದ ಮಾತು ನನ್ನ ಕಣ್ಣು ತಪ್ಪಿತ್ತು. ನನ್ನ ಲೆಕ್ಕ ಈಕೆಗೆ ಅನ್ವಯಿಸುವುದಿಲ್ಲ. ನಾಡಿ ನಿಧಾನ ಇರುವವರು, ಇನ್ಸುಲಿನ್ ತಗೊಳ್ಳುವವರು (ಶುಗರ್ ಇಳಿದಾಗಿನ ನಡುಕ, ಎದೆಬಡಿತ ಮರೆಯಾಗುತ್ತವೆ), ವೆರಪಾಮಿಲ್ (ಬಿಪಿ, ಹೃದಯದ ಮಾತ್ರೆ) ನುಂಗುವವರೂ ದೂರವಿರಬೇಕು.

ಉತ್ತರ 3:
ಮಾತ್ರೆಯಿಲ್ಲದ ದಾರಿ: ಎರಡು ಮಹಡಿ ಮೆಟ್ಟಿಲು ಓಡಿ ಹತ್ತಿಸಿ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಕೂರಿಸಿ ನುಡಿಸಲು ಹೇಳಿ. ಮೆಟ್ಟಿಲು ಹತ್ತಿ ಉಬ್ಬಸ ಬರುವುದಾದರೆ ಅದು ಬೇಡ, ಅಪರಿಚಿತರ ಮುಂದೆ ಕೂರಿಸಿದರೂ ಆದೀತು. ಕೈ ನಡುಗುವವರು ಬೋ ಬಿಗಿಹಿಡಿಯುತ್ತಾರೆ, ಬಿಗಿದಷ್ಟೂ ಅದು ಪುಟಿಯುತ್ತದೆ. ಹೆಬ್ಬೆರಳು ಬಾಗಿರಲಿ, ತೋಳಿನ ಭಾರ ತಂತಿಯ ಮೇಲೆ ಇಳಿಯಲಿ. ಆರಂಭಕ್ಕೆ ವಿಳಂಬದ ಆಲಾಪನೆ ಇಡದೆ ಮಧ್ಯಮ ಕಾಲದ ವರ್ಣ ಇಡಿ. ಆವತ್ತು ಬೆಳಿಗ್ಗೆ ಫಿಲ್ಟರ್ ಕಾಫಿಗೆ ರಜೆ.