ಒಂಬತ್ತು ರೇಡಿಯೇಟರ್, ಒಂದು ಬಾಯ್ಲರ್, ಮೂರು ಬಾಯಿ

ರಘು: ತೀರ್ಮಾನ ಆಗೋಯ್ತು. ನಮ್ಮ ಇಂಗ್ಲೆಂಡಿನ ಮನೇಲಿ ಬಾಯ್ಲರಿನ ಬಿಸಿನೀರಿಂದ ಕೋಣೆ ಬೆಚ್ಚಗಿಡೋ ರೇಡಿಯೇಟರ್ ಒಂಬತ್ತು, ಆ್ಯಪಿಂದ ನಡೆಯೋ ಸ್ಮಾರ್ಟ್ ವಾಲ್ವೂ ಒಂಬತ್ತು. ಕಾರ್ಟಿಗೆ ಹಾಕಿ, ಮೊತ್ತ ಕಾಣಬಾರದು ಅಂತ ಮೊಬೈಲ್ ಮಗುಚಿಟ್ಟಿದ್ದೀನಿ.

ಬಸಣ್ಣ: ತಡಿ ತಮ್ಮಾ. ಮೊದಲ ಒಂದೊಂದು ರೇಡಿಯೇಟರಿನ ಬುಡಕ್ಕ ಬಗ್ಗಿ ನೋಡು. 1ರಿಂದ 5ರ ತನಕ ನಂಬರ್ ಇರೋ ದಪ್ಪ ಗುಂಡಿ ಇದ್ರ ಅದು ಕೋಣೆ ಬಿಸಿ ನೋಡಿ ತಾನ ನೀರು ಬಿಡೋ, ನಿಲ್ಲಿಸೋ ಥರ್ಮೋಸ್ಟಾಟಿಕ್ ವಾಲ್ವ್. ಮ್ಯಾಲಿನ ಹೆಡ್ ಅಷ್ಟ ತಿರುವಿ ತೆಗೀಬಹುದು, ಒಂದು ಹನಿ ನೀರು ಬರಂಗಿಲ್ಲ. ನಂಬರ್ ಇಲ್ಲದ ಸಾದಾ ಗುಂಡಿ ಇದ್ರ ಅದು ಕೈಯಿಂದ ತಿರುವೋ ವಾಲ್ವ್. ಅದರ ಮ್ಯಾಲ ಸ್ಮಾರ್ಟ್ ಹೆಡ್ ಕೂಡಂಗಿಲ್ಲ. ವಾಲ್ವಿನ ಬಾಡಿನ ಬದಲಿಸಬೇಕು. ಅಂದ್ರ ನೀರು ಇಳಿಸೂದು, ಮತ್ತ ತುಂಬೂದು, ತುಕ್ಕು ಹಿಡೀದಂಗ ಇನ್ಹಿಬಿಟರ್ ಹಾಕೂದು.

ಸುಧಾ: ಇನ್ಹಿಬಿಟರ್ ಮರೆತರೆ ಒಳಗೆ ಕಪ್ಪು ಕೆಸರು ಕೂರ್ತದೆ. ಆಮೇಲೆ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ತಣ್ಣಗೆ. ಅದೇ ಮೇಲೆ ತಣ್ಣಗೆ, ಕೆಳಗೆ ಬಿಸಿ ಅಂತಾದರೆ ಗಾಳಿ ಸೇರಿದ್ದು. ಬ್ಲೀಡ್ ಮಾಡಿ, ಅಂದ್ರೆ ಆ ಗಾಳಿ ಹೊರಗೆ ಬಿಟ್ಟು, ಬಾಯ್ಲರ್ ಪ್ರೆಶರ್ ಮತ್ತೆ 1ರಿಂದ 1.5 ಬಾರ್‌ಗೆ ತಂದರೆ ಸರಿಯಾಗ್ತದೆ. ಎರಡಕ್ಕೂ ಆ್ಯಪಿನಲ್ಲಿ ಮದ್ದಿಲ್ಲ ಮಾರಾಯ.

ರಘು: ನಮ್ಮನೇಲಿ ಎಲ್ಲಾ ನಂಬರಿನವೇ. ಹಾಗಾದ್ರೆ ಹಳೇದು ಬಿಚ್ಚೋದು, ಹೊಸದು ತಿರುವೋದು. ಕತೆ ಮುಗೀತು.

ಬಸಣ್ಣ: ತಿರುಪು ಕೂತ್ರ ಮುಗೀತು. ಹೆಚ್ಚಿನವು ಎಂ30, ಅಂದ್ರ 30 ಮಿಲಿಮೀಟರ್ ಅಗಲದ ತಿರುಪು, 1.5 ಮಿಲಿಮೀಟರ್ ಹಲ್ಲು. ಡ್ಯಾನ್‌ಫಾಸ್ ಕಂಪನಿಯ ಹಳೇ ಬಾಡಿಗೆ ಆ ತಿರುಪೇ ಇರೂದಿಲ್ಲ. ಅದರಾಗ ಮತ್ತ ಆರ್‌ಎ, 26 ಮಿಲಿಮೀಟರಿನ ಆರ್‌ಎವಿಎಲ್, 34ರ ಆರ್‌ಎವಿ ಅಂತ ಒಳಪಂಗಡ. ಡಬ್ಬಿಯೊಳಗ ಅಡಾಪ್ಟರ್ ಕೊಟ್ಟಿರ್ತಾರ. ಯಾವುದು ಯಾವುದಕ್ಕ ಅಂತ ಮೊದಲ ಅಳತಿ ಮಾಡು. ಬಲವಂತ ಮಾಡಿದ್ರ ಹಲ್ಲು ಹೋಗತಾವು, ವಾಲ್ವಿಂದೂ ನಿಂದೂ.

ಸುಧಾ: ಹಳೇ ಹೆಡ್ಡನ್ನು ಅಷ್ಟು ಹಗುರ ಮಾಡಬೇಡಿ. ಡ್ಯಾನ್‌ಫಾಸ್ ಕಟ್ಟಿದ ಮ್ಯಾಡ್ಸ್ ಕ್ಲೌಸೆನ್ ಅದನ್ನು ಕಂಡುಹಿಡಿದದ್ದು 1943ರಲ್ಲಿ. ಒಳಗೆ ಮೇಣವೋ ದ್ರವವೋ ಇರ್ತದೆ. ಕೋಣೆ ಬಿಸಿಯಾದರೆ ಅದು ಹಿಗ್ಗಿ ಪಿನ್ನನ್ನು ಒಳಗೆ ಒತ್ತುತ್ತದೆ, ನೀರು ನಿಲ್ತದೆ. ತಣ್ಣಗಾದರೆ ಸ್ಪ್ರಿಂಗ್ ಪಿನ್ನನ್ನು ಹೊರಗೆ ತಳ್ಳುತ್ತದೆ. ಬ್ಯಾಟರಿ ಬೇಡ, ವೈಫೈ ಬೇಡ, ಪಾಸ್‌ವರ್ಡ್ ಮರೆತೆ ಅಂತ ಹಲ್ಲು ಕಡಿಯುವುದೂ ಬೇಡ.

ರಘು: ಆದ್ರೆ ಅದಕ್ಕೆ ಬೆಳಗ್ಗೆ ಆರು ಗಂಟೆ ಯಾವಾಗ ಅಂತ ಗೊತ್ತಾಗಲ್ವಲ್ಲ!

ಸುಧಾ: ಅದು ಹೌದು. ಸ್ಮಾರ್ಟ್ ಹೆಡ್ಡಿನಲ್ಲಿ ಹೆಚ್ಚಿಗೆ ಇರುವುದು ಇಷ್ಟೇ: ಗಡಿಯಾರ, ರೇಡಿಯೋ, ಪಿನ್ ಒತ್ತಲಿಕ್ಕೆ ಪುಟ್ಟ ಮೋಟರ್.

ಬಸಣ್ಣ: ಆ ಪಿನ್ನ ಮುಖ್ಯ. ಹೆಡ್ ತೆಗೆದ ಕೂಡಲೆ ಸ್ಪ್ಯಾನರಿನ ಚಪ್ಪಟೆ ಬೆನ್ನಿಲೆ ಅದನ್ನ ಒತ್ತಿ ಬಿಡು. ಎರಡು-ಮೂರು ಮಿಲಿಮೀಟರ್ ಒಳಗ ಹೋಗಿ, ತಾನ ಪುಟಿದು ಹೊರಗ ಬರಬೇಕು. ಬ್ಯಾಸಗಿ ಪೂರ್ತಿ ಮುಚ್ಚಿ ಇಟ್ಟಿದ್ರ ಒಳಗ ಹಿಡಕೊಂಡಿರ್ತೈತಿ. ಒಂದು ಹನಿ ಎಣ್ಣಿ ಬಿಟ್ಟು ಮೆಲ್ಲಕ ಒತ್ತಿ ಬಿಡು, ಒತ್ತಿ ಬಿಡು. ಇಕ್ಕಳ ಹಾಕಿ ಜಗ್ಗಬ್ಯಾಡ. ಕೆಲವು ವಾಲ್ವಿನಾಗ ಪಿನ್ ಕಿತ್ತು ಕೈಗೆ ಬರ್ತೈತಿ, ಹಿಂದಿಂದ ನೀರೂ ಬರ್ತೈತಿ.

ರಘು: ಸರಿ, ಇಕ್ಕಳ ಒಳಗಿಟ್ಟೆ. ಆಮೇಲೆ?

ಸುಧಾ: ಬ್ಯಾಟರಿ ಹಾಕು. ಮೋಟರ್ ಪೂರ್ತಿ ಹಿಂದೆ ಸರಿದು, ಜೋಡಿಸು ಅಂತ ಹೇಳುವವರೆಗೆ ಕಾಯಿ. ಆಮೇಲೆ ತಿರುವು, ಕೈಬಿಗಿ ಸಾಕು. ಕ್ಯಾಲಿಬ್ರೇಶನ್ ಶುರುವಾಗ್ತದೆ, ಗುರ್ ಗುರ್ ಅಂತ ಪಿನ್ ಎಲ್ಲಿ ತಾಗ್ತದೆ, ಎಲ್ಲಿ ಪೂರ್ತಿ ಮುಚ್ಚುತ್ತದೆ ಅಂತ ಅಳೀತದೆ. ಹೊಂದದ ಅಡಾಪ್ಟರ್ ಹಾಕಿದ್ದರೆ ಅದಕ್ಕೆ ಪಿನ್ನೇ ಸಿಗುವುದಿಲ್ಲ. ಆ್ಯಪಿನಲ್ಲಿ ಕೆಂಪು ಗುರುತು, ಅಂಗಡಿಗೆ ನಿನ್ನ ಬೈಗುಳ.

ಬಸಣ್ಣ: ರೀಚಾರ್ಜ್ ಆಗೋ ಬ್ಯಾಟರಿ ಹಾಕಬ್ಯಾಡ. ಅದು 1.2 ವೋಲ್ಟ್, ಆಲ್ಕಲೈನ್ 1.5. ತುಂಬಿದ ಬ್ಯಾಟರಿಗೂ ಹೆಡ್ಡು ಖಾಲಿ ಆತು ಅಂತ ಅಳತೈತಿ.

ರಘು: ಇಷ್ಟಾದ್ಮೇಲೆ ಬೆಡ್‌ರೂಮಿಗೆ 21 ಅಂತ ಒತ್ತಿದ್ರೆ 21 ಆಗತ್ತೆ ತಾನೆ?

ಬಸಣ್ಣ: ಆಗಂಗಿಲ್ಲ.

ರಘು: ಅಯ್ಯೋ, ಯಾಕ್ರೀ?

ಬಸಣ್ಣ: ವಾಲ್ವಿಗೆ ಬರೂದು ಬಾಗಿಲ ತೆಗಿಯೂದು, ಹಾಕೂದು. ಬಿಸಿನೀರು ಕಳಸೂದು ಬಾಯ್ಲರ್. ಆ ಬಾಯ್ಲರಿಗೆ ಅಪ್ಪಣೆ ಕೊಡಾವ ಹಾಲ್‌ನ ಗೋಡಿ ಮ್ಯಾಗಿನ ಥರ್ಮೋಸ್ಟಾಟ್. ಹಾಲ್ 18 ಮುಟ್ಟಿತು ಅಂತ ಆತ ಬಾಯ್ಲರ್ ಆರಿಸಿ ಕುಂತ. ಮ್ಯಾಲ ಬೆಡ್‌ರೂಮಿನ ವಾಲ್ವ್ ಪೂರ್ತಿ ಬಾಯಿ ತಕ್ಕೊಂಡೈತಿ, ಆ್ಯಪಿನಾಗ ಬೆಂಕಿ ಚಿತ್ರ ಉರಿಯಾಕತ್ತೈತಿ, ಪೈಪಿನಾಗ ತಣ್ಣೀರು.

ಸುಧಾ: ಅದಕ್ಕೆ ವಾಲ್ವಿನ ಜೊತೆ ಬಾಯ್ಲರಿಗೆ ರಿಸೀವರ್ ಬೇಕು. ಯಾವ ಕೋಣೆ ಬಿಸಿ ಕೇಳಿದರೂ ಅದು ಬಾಯ್ಲರನ್ನು ಎಬ್ಬಿಸಬೇಕು, ಯಾರೂ ಕೇಳದಿದ್ದರೆ ಮಲಗಿಸಬೇಕು. ಇದು ಉಂಟಾ ಇಲ್ಲವಾ ಅಂತ ಕೊಳ್ಳುವ ಮೊದಲೇ ನೋಡು. ಜಿಗ್‌ಬೀ ಅನ್ನುವ ವೈರ್‌ಲೆಸ್ ಜಾಲದಲ್ಲಿ ನಡೆಯುವ ಹಲವು ಅಗ್ಗದ ಹೆಡ್ಡುಗಳು ಬಾಯ್ಲರಿನ ಗೊಡವೆಗೇ ಹೋಗುವುದಿಲ್ಲ.

ಬಸಣ್ಣ: ರಿಸೀವರಿನ ವೈರಿಂಗ್ ಯೂಟ್ಯೂಬ್ ನೋಡಿ ಮಾಡಬ್ಯಾಡ. ಕೆಲವು ಬಾಯ್ಲರಿನ ಥರ್ಮೋಸ್ಟಾಟ್ ಟರ್ಮಿನಲ್ 230 ವೋಲ್ಟಿನವು, ಕೆಲವು 24 ವೋಲ್ಟಿನವು. 24ಕ್ಕ 230 ಕೊಟ್ರ ಬೋರ್ಡ್ ಸುಟ್ಟು ಕೂಡತೈತಿ. ಬಾಯ್ಲರಿನ ಒಳಕವಚ ಬಿಚ್ಚಬೇಕಾದ್ರ ಗ್ಯಾಸ್ ಸೇಫ್ ಅನ್ನೋ ಗ್ಯಾಸ್ ಕೆಲಸದವರ ಅಧಿಕೃತ ಪಟ್ಟಿಯಾಗ ನೋಂದಣಿ ಇದ್ದವರೇ ಬರಬೇಕು, ಇಂಗ್ಲೆಂಡಿನಾಗ ಅದರಾಗ ರಿಯಾಯ್ತಿ ಇಲ್ಲ.

ರಘು: ಆಯ್ತು, ರಿಸೀವರ್ ಒಂದು ಸೇರಿಸಿದೆ. ಒಂಬತ್ತು ವಾಲ್ವ್, ಒಂದು ರಿಸೀವರ್.

ಸುಧಾ: ಎಂಟು. ಥರ್ಮೋಸ್ಟಾಟ್ ಹಾಲ್‌ನಲ್ಲೇ ಉಳಿಯುವುದಾದರೆ ಹಾಲ್‌ನ ರೇಡಿಯೇಟರಿಗೆ ಹೆಡ್ ಬೇಡ, ತೆರೆದೇ ಇರಲಿ. ಇಲ್ಲದಿದ್ದರೆ ವಾಲ್ವ್ 17ಕ್ಕೆ ಮುಚ್ಚಿಕೊಳ್ತದೆ, ಥರ್ಮೋಸ್ಟಾಟ್ 18 ಬರಲಿ ಅಂತ ರಾತ್ರಿಯಿಡೀ ಬಾಯ್ಲರ್ ಉರಿಸ್ತದೆ.

ಬಸಣ್ಣ: ಏಳು. ಬಾತ್‌ರೂಮಿನ ಟವೆಲ್ ರೇಲ್ ಬಿಟ್ಟುಬಿಡು. ಎಲ್ಲಾ ವಾಲ್ವ್ ಒಮ್ಮೆಲೇ ಮುಚ್ಚಿದ್ರ ಪಂಪಿಗೆ ನೀರು ತಳ್ಳಾಕ ದಾರಿ ಬೇಕಲ್ಲ. ಒಂದೋ ಆಟೊಮ್ಯಾಟಿಕ್ ಬೈಪಾಸ್ ವಾಲ್ವ್ ಇರಬೇಕು, ಇಲ್ಲಾಂದ್ರ ಒಂದು ರೇಡಿಯೇಟರ್ ಸದಾ ತೆರೆದಿರಬೇಕು.

ರಘು: ಇನ್ನು ಹದಿನೈದು ನಿಮಿಷ ಕೂತ್ರೆ ನನ್ನ ಕೈಗೆ ಬರೀ ಅಡಾಪ್ಟರ್ ಕೊಟ್ಟು ಕಳಿಸ್ತೀರಿ.

ಬಸಣ್ಣ: ಕೇಳು ಪೂರ್ತಿ. ಬಾಕ್ಸ್‌ರೂಮ್ ಅನ್ನೋ ಪುಟ್ಟ ಕೋಣ್ಯಾಗ ಒಂದು ತುಂಡು ರೇಡಿಯೇಟರ್ ಐತಿ, 700 ವಾಟ್ ಅನ್ನು. ಟ್ಯಾಂಕ್ ಇಲ್ಲದ ನಳದ ನೀರನ್ನೂ ಕಾಯಿಸೋ ಕಾಂಬಿ ಬಾಯ್ಲರ್ ಎಷ್ಟು ತಗ್ಗಿಸಿದ್ರೂ 6 ಕಿಲೋವಾಟಿಗಿಂತ ಕೆಳಗ ಇಳಿಯಂಗಿಲ್ಲ ಅಂತ ಇಟ್ಕೋ. ನಡುರಾತ್ರಿ ಆ ಒಂದ ವಾಲ್ವ್ ಬಿಸಿ ಕೇಳ್ತು. ಮದುವಿ ಮನಿ ಕೋಡೊಲಿ ಹೊತ್ತಿಸಿ ಒಂದು ಲೋಟ ಚಾ ಕಾಸಿದಂಗ! ಹೊತ್ತತೈತಿ, ಎರಡು ನಿಮಿಷಕ್ಕ ಆರತೈತಿ, ಮತ್ತ ಹೊತ್ತತೈತಿ. ಗ್ಯಾಸೂ ದಂಡ, ಬಾಯ್ಲರಿನ ಆಯುಷ್ಯಾನೂ ದಂಡ. ಕೋಣೆಗಳನ್ನ ಎರಡು-ಮೂರು ಗುಂಪು ಮಾಡಿ ಒಟ್ಟಿಗೆ ಬಿಸಿ ಮಾಡು. ಆ ಬಾಕ್ಸ್‌ರೂಮಿನ ವಾಲ್ವಿಗೆ ಬಾಯ್ಲರ್ ಎಬ್ಬಿಸೋ ಅಧಿಕಾರ ಕೊಡಬ್ಯಾಡ. ಆ ಆಯ್ಕೆ ಇರೋ ಸಿಸ್ಟಮ್ಮೇ ತಗೋ.

ಸುಧಾ: ಮತ್ತೆ ಫ್ಲೋ ಟೆಂಪರೇಚರ್, ಅಂದ್ರೆ ಬಾಯ್ಲರಿನಿಂದ ರೇಡಿಯೇಟರಿಗೆ ಹೊರಡುವ ನೀರಿನ ಬಿಸಿ. ಕಂಡೆನ್ಸಿಂಗ್ ಬಾಯ್ಲರ್ ಹೊಗೆಯ ಆವಿಯಿಂದಲೂ ಶಾಖ ಹಿಂಡಬೇಕಾದರೆ ವಾಪಸು ಬರುವ ನೀರು 55 ಡಿಗ್ರಿಗಿಂತ ಕೆಳಗಿರಬೇಕು. ಹೆಚ್ಚಿನ ಮನೆಗಳಲ್ಲಿ ಫ್ಲೋ 70, 75ಕ್ಕೆ ಇಟ್ಟೇ ಬಿಟ್ಟಿರ್ತಾರೆ. 60ಕ್ಕೆ ಇಳಿಸು. ಖರ್ಚು ಸೊನ್ನೆ. ನನ್ನ ಕೇಳಿದರೆ ವಾಲ್ವ್ ಆಮೇಲೆ, ಇದು ಮೊದಲು. ಆದರೆ ಬಿಸಿನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಹೀಗೆ ಇಳಿಸಬೇಡಿ, ಅಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಸಾಯಲಿಕ್ಕೆ ಟ್ಯಾಂಕಿನ ನೀರೇ 60 ಮುಟ್ಟಬೇಕು.

ರಘು: ಬಾಯ್ಲರ್ ಬದಲು ಹೊರಗಿನ ಶಾಖ ಒಳಗೆ ಎಳೆಯೋ ಹೀಟ್ ಪಂಪ್ ಇರೋರಿಗೆ?

ಬಸಣ್ಣ: ಅವರು ಈ ಮಾತಿಗೇ ಬರೂದು ಬ್ಯಾಡ. ಅದಕ್ಕ ತಗ್ಗು ಬಿಸಿ, ಪೂರ್ತಿ ಹರಿವು, ಆದಷ್ಟು ಎಲ್ಲಾ ವಾಲ್ವ್ ತೆರೆದಿರಬೇಕು.

ಸುಧಾ: ಇನ್ನೊಂದುಂಟು. ಸೆನ್ಸರ್ ಇರುವುದು ಹೆಡ್ಡಿನಲ್ಲೇ, ಅಂದ್ರೆ ಬಿಸಿ ಪೈಪಿನ ಮಗ್ಗುಲಲ್ಲೇ. ಉದ್ದ ಪರದೆ ಅದರ ಮೇಲೆ ಇಳಿಬಿದ್ದರೆ ಪರದೆಯ ಹಿಂದೆ 24, ನೀನು ಕೂತಲ್ಲಿ 17. ಮೇಜಿನ ಮೇಲೊಂದು ಥರ್ಮಾಮೀಟರ್ ಇಟ್ಟು, ಒಂದೆರಡು ಗಂಟೆ ಬಿಟ್ಟು ವ್ಯತ್ಯಾಸ ನೋಡಿ ಆ್ಯಪಿನಲ್ಲಿ ಅಷ್ಟು ತಿದ್ದುಪಡಿ, ಅಂದ್ರೆ ಆಫ್‌ಸೆಟ್, ಹಾಕು. ಸೋಫಾ ಹಿಂದೆ ಸಿಕ್ಕಿಬಿದ್ದ ವಾಲ್ವಿಗೆ ಬೇರೆ ರೂಮ್ ಸೆನ್ಸರೇ ಬೇಕು. ಮತ್ತೆ ಬಳಸದ ಕೋಣೆ ಅಂತ ಪೂರ್ತಿ ಆರಿಸಬೇಡ. ಈ ದೇಶದ ಚಳಿಗಾಲದಲ್ಲಿ ತಣ್ಣನೆ ಗೋಡೆಗೆ ತೇವ ಕೂತು ಮೂಲೆ ಎಲ್ಲ ಕಪ್ಪು ಬೂಸ್ಟು. 15, 16 ಇರಲಿ.

ರಘು: ಆ ಕೋಣೆಗೆ ಬಣ್ಣ ಬೇರೆ ಹೊಡೀಬೇಕು. ರೇಡಿಯೇಟರ್ ಕಳಚಿಡ್ತೀನಿ. ಆ್ಯಪಲ್ಲಿ ಆಫ್ ಒತ್ತಿದ್ರೆ ಸಾಕಲ್ವಾ?

ಬಸಣ್ಣ: ಸಾಕಾಗಂಗಿಲ್ಲೋ ಮಾರಾಯಾ! ಆಫ್ ಅಂದ್ರ ಪೂರ್ತಿ ಬಂದ್ ಅಲ್ಲ. ಪೈಪ್ ಹೆಪ್ಪುಗಟ್ಟಬಾರದು ಅಂತ ಕೋಣೆ 5 ಡಿಗ್ರಿ ಹತ್ರ ಬಂದ್ರ ತಾನ ತೆರೀತೈತಿ. ಬಣ್ಣದ ವಾಸನಿಗೆ ಕಿಟಕಿ ತೆಗೆದಿರ್ತಿ, ಹೊರಗ ಹಿಮ. ರಾತ್ರಿ ಮೂರಕ್ಕ ಅದು ತನ್ನ ಕೆಲಸ ನಿಷ್ಠೆಯಿಂದ ಮಾಡತೈತಿ. ಮುಂದ ರೇಡಿಯೇಟರ್ ಇಲ್ಲ, ಕಾರ್ಪೆಟ್ ಐತಿ.

ರಘು: ಮತ್ತೇನ್ಮಾಡ್ಲಿ?

ಬಸಣ್ಣ: ಹೆಡ್ ತೆಗಿ. ತಯಾರಕರು ಕೊಡೋ ಮುಚ್ಚುವ ಕ್ಯಾಪ್ ತಿರುವಿ ಪಿನ್ನನ್ನ ಪೂರ್ತಿ ಒಳಗ ಒತ್ತು. ರೇಡಿಯೇಟರಿನ ಆ ಕಡಿ ತುದಿಗೆ ಹರಿವು ಹದ ಮಾಡೋ ಲಾಕ್‌ಶೀಲ್ಡ್ ವಾಲ್ವ್ ಇರ್ತೈತಿ, ಅದನ್ನ ಮುಚ್ಚು, ಎಷ್ಟು ಸುತ್ತು ತಿರುವಿದಿ ಅಂತ ಎಣಿಸಿ ಬರೆದಿಡು, ಇಲ್ಲಾಂದ್ರ ಎಲ್ಲಾ ರೇಡಿಯೇಟರಿಗೆ ನೀರು ಹಂಚೋ ಬ್ಯಾಲೆನ್ಸ್ ಕೆಡತೈತಿ. ರೇಡಿಯೇಟರ್ ಕಳಚಿದ ಮ್ಯಾಲ ಎರಡೂ ವಾಲ್ವಿನ ಬಾಯಿಗೆ ಹಿತ್ತಾಳಿ ಬ್ಲ್ಯಾಂಕಿಂಗ್ ಕ್ಯಾಪ್ ಹಾಕಿ ಬಿಗಿ.

ರಘು: ಆ ಮುಚ್ಚುವ ಕ್ಯಾಪ್ ಎಲ್ಲಿ ಸಿಗತ್ತೆ?

ಸುಧಾ: ವಾಲ್ವಿನ ಬಾಡಿ ಹೊಸತಾಗಿ ಕೊಂಡಾಗ ಹೆಚ್ಚಾಗಿ ಡಬ್ಬಿಯಲ್ಲೇ ಬಂದಿರ್ತದೆ. ಎಲ್ಲರೂ ಮೊದಲು ಕಸಕ್ಕೆ ಹಾಕುವುದು ಅದನ್ನೇ.