ಪಂಪ್ ಒಳಗೋ ಹೊರಗೋ: ಕೋವಿಡ್ ಐಸಿಯುನಲ್ಲಿ ಸೆಂಟ್ರಲ್ ಲೈನ್ ನೋಡಿಕೊಂಡವರು ತಿಳಿಸಿ

ಪ್ರಶ್ನೆ (ಸ್ಟಾಫ್ ನರ್ಸ್, ಧಾರವಾಡ): ಮುಂದೆ ಕೋವಿಡ್‌ನಂಥದ್ದು ಬಂದರೆ ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಆರೈಕೆ ಹೇಗಿರಬೇಕೆಂದು ಬರೆದುಕೊಡುವ ಕೆಲಸವನ್ನು ನಮ್ಮ ಇನ್‌ಚಾರ್ಜ್ ಸಿಸ್ಟರ್ ನನಗೆ ವಹಿಸಿದ್ದಾರೆ. 2021ರಲ್ಲಿ ನಾನಿನ್ನೂ ಓದುತ್ತಿದ್ದೆ. ಆರು ಹಾಸಿಗೆಗೆ ಪಾಳಿಯಲ್ಲಿ ಇಬ್ಬರೇ ಇರುವ ನಮ್ಮಂಥ ಕಡೆ ಔಷಧಿಯನ್ನು ನಿಧಾನವಾಗಿ ಹರಿಸುವ ಸಿರಿಂಜ್ ಪಂಪುಗಳನ್ನು ಕೊಠಡಿಯ ಹೊರಗಿಟ್ಟು ರೋಗಿಯವರೆಗೆ ಉದ್ದ ಲೈನ್ ಎಳೆಯುವುದು ಸರಿಯೇ?

ಸ್ಟಾಫ್ ನರ್ಸ್, ಮೈಸೂರು: ನಾವು ಎಳೆದಿದ್ದೆವು, ಅದು ತಪ್ಪೆಂದು ಇಂದಿಗೂ ಒಪ್ಪಲಾರೆ. ಆ ಮೇ ತಿಂಗಳಲ್ಲಿ ಪಾಳಿಗೆ ತಲಾ ಒಂದೇ ಪಿಪಿಇ ಸಿಗುತ್ತಿತ್ತು. ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧಿ) ಸಿರಿಂಜ್ ಮುಗಿಯುತ್ತಿದೆಯೆಂದು ಒಳಗಿಟ್ಟ ಪಂಪ್ ಕೂಗಿಕೊಂಡಾಗ, ಹೊರಗಿದ್ದವರು ಗೌನ್ ತೊಟ್ಟು ಒಳಗೆ ಹೋಗುವಷ್ಟರಲ್ಲಿ ಬಿಪಿ ಎಲ್ಲಿಗೆ ಇಳಿದಿರುತ್ತದೆಂದು ಕಂಡವರಿಗೇ ಗೊತ್ತು. ಖರ್ಚಿನ ಲೆಕ್ಕ ನನಗೆ ಬಾಯಿಪಾಠವಾಗಿದೆ. ಒಬ್ಬ ರೋಗಿಗೆ ನಾಲ್ಕು ಇನ್‌ಫ್ಯೂಷನ್, ಒಂದೊಂದಕ್ಕೆ ಎರಡೆರಡು ಪಿ.ಎಂ. ಲೈನ್ (ಪಂಪಿನಿಂದ ರೋಗಿಗೆ ಎಳೆಯುವ ಉದ್ದ ಕೊಳವೆ), ಒಂದಕ್ಕೆ ಬಿಲ್ಲಿನಲ್ಲಿ 180 ರೂಪಾಯಿ. ನಾಲ್ಕು ದಿನಕ್ಕೊಮ್ಮೆ ಬದಲಿಸಿದರೆ ಇಪ್ಪತ್ತು ದಿನಕ್ಕೆ 7,200. ಮಂಪರು ತರಿಸುವ ಪ್ರೊಪೊಫಾಲ್ ಇದ್ದರೆ ಆ ಲೈನನ್ನು 12 ಗಂಟೆಗೊಮ್ಮೆ ಬದಲಿಸಬೇಕಾದ್ದರಿಂದ ಅದರ ಲೆಕ್ಕವೇ ಬೇರೆ. "ಪೈಪಿಗೇ ಏಳು ಸಾವಿರವೇ ಸಿಸ್ಟರ್?" ಎಂದು ರೋಗಿಯ ಮಗ ಕೇಳಿದಾಗ ಬಿಲ್ಲಿಂಗ್‌ನವರ ಕಡೆ ಕೈ ತೋರಿಸಿ ಸುಮ್ಮನಾದೆ.

ಐಸಿಯು ನರ್ಸ್, ಮಂಗಳೂರು: ಪಂಪ್ ಎಲ್ಲಿದ್ದರೇನು, ನಮ್ಮಲ್ಲಿ ಲೈನ್ ಕೆಟ್ಟದ್ದು ಕುತ್ತಿಗೆಯಲ್ಲಿ. 16 ಗಂಟೆ ಬೋರಲು ಮಲಗಿಸಿದ ರೋಗಿಯ ಬಲ ಜುಗುಲರ್ (ಕುತ್ತಿಗೆಯ ರಕ್ತನಾಳದ) ಲೈನಿನ ಮೇಲೆ ಜೊಲ್ಲು ಇಳಿದು, ಏಳು ದಿನ ಬಾಳಬೇಕಾದ ಪಾರದರ್ಶಕ ಡ್ರೆಸ್ಸಿಂಗ್ ಎರಡನೆಯ ದಿನಕ್ಕೇ ಅಂಚು ಬಿಟ್ಟು ಸುರುಳಿಯಾಗುತ್ತಿತ್ತು. ಒಂದು ರಾತ್ರಿ ಹೊಲಿಗೆ ಹರಿದದ್ದು ಯಾರ ಗಮನಕ್ಕೂ ಬರಲಿಲ್ಲ. ಮಂಜುಗಟ್ಟಿದ ಗಾಗಲ್ಸ್‌ನಲ್ಲಿ ಟಾರ್ಚ್ ಹಿಡಿದು ನೋಡಿದರೆ 13 ಸೆಂ.ಮೀ. ಆಳಕ್ಕೆ ಕೂರಿಸಿದ್ದ ಲೈನ್ 7ಕ್ಕೆ ಬಂದಿತ್ತು, ಲೈನಿನೊಳಗಿನ ನಾಳಗಳಲ್ಲಿ ಮೇಲಿನ ಲ್ಯೂಮೆನ್‌ನಲ್ಲಿ ಹೋಗುತ್ತಿದ್ದ ಔಷಧಿ ಚರ್ಮದಡಿ ಸೇರಿ ಕುತ್ತಿಗೆ ಊದಿಕೊಂಡಿತ್ತು. ಅಂದಿನಿಂದ ರೋಗಿಯನ್ನು ತಿರುಗಿಸುವ ಮೊದಲೂ ನಂತರವೂ ಆ ಅಂಕಿಯನ್ನು ಗಟ್ಟಿಯಾಗಿ ಓದಿ, ಚಾರ್ಟಿನಲ್ಲಿ ಬರೆಯುತ್ತಿದ್ದೇನೆ.

ಸೋಂಕು ನಿಯಂತ್ರಣ ನರ್ಸ್, ಬೆಂಗಳೂರು: ಎಲ್ಲರೂ ತಮ್ಮ ಶೌರ್ಯವನ್ನೇ ಬರೆಯುತ್ತಿದ್ದೀರಿ. ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ಮಿಷಿಗನ್ನಿನ ಐಸಿಯುಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ, ಸೆಂಟ್ರಲ್ ಲೈನ್ ಸೋಂಕು ತಗ್ಗಿಸುವ ಕೆಲಸದ ಐದು ಅಂಶಗಳಲ್ಲಿ ಮೊದಲನೆಯದು ಕೈ ತೊಳೆಯುವುದು, ಕೊನೆಯದು ಬೇಡವಾದ ಲೈನನ್ನು ತೆಗೆಯುವುದು. ಇವೆರಡನ್ನೂ ಕೋವಿಡ್ ನುಂಗಿತು. ಎರಡು ಜೊತೆ ಗ್ಲೌಸ್ ಹಾಕಿಕೊಂಡು, ಅದರ ಮೇಲೆಯೇ ಸ್ಯಾನಿಟೈಸರ್ ಸವರಿ ಹಾಸಿಗೆಯಿಂದ ಹಾಸಿಗೆಗೆ ಹೋದದ್ದನ್ನು ನಾನೇ ನೋಡಿದ್ದೇನೆ. ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್ ಪಡೆಯುತ್ತಿರುವ, ಶುಗರ್ ಏರಿರುವ ರೋಗಿಯ ಲೈನಿನ ಹಬ್ (ಸಿರಿಂಜ್ ಜೋಡಿಸುವ ತುದಿ) ಅನ್ನು ಹದಿನೈದು ಸೆಕೆಂಡ್ ಆಲ್ಕೋಹಾಲ್ ಸ್ವಾಬಿನಿಂದ ಉಜ್ಜದೆ ಸಿರಿಂಜ್ ಸಿಕ್ಕಿಸಿದರೆ ರಕ್ತದ ಕಲ್ಚರ್‌ನಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬಾರದೆ ಇನ್ನೇನು ಬಂದೀತು?

ಸ್ಟಾಫ್ ನರ್ಸ್, ಮೈಸೂರು: ಮೇಡಂ, ತಾವು ಗಾಜಿನ ಆಚೆ ನಿಂತು ಕಂಡದ್ದು ಅದು. ಒಳಗಿದ್ದ ನಮಗೆ ಪಾಳಿಯುದ್ದಕ್ಕೂ ನೀರು ಕುಡಿಯಲೂ ಆಗುತ್ತಿರಲಿಲ್ಲ.

ಸೋಂಕು ನಿಯಂತ್ರಣ ನರ್ಸ್, ಬೆಂಗಳೂರು: ಗಾಜಿನ ಆಚೆ ಅಲ್ಲ, ಒಳಗೇ ಇದ್ದೆ. ಮನೆಗೆ ಹೋಗದೆ 19 ದಿನ ಹಾಸ್ಟೆಲಿನಲ್ಲಿ ಮಲಗಿದ್ದೆ.

ಲಂಡನ್ನಿನಲ್ಲಿರುವ ಐಸಿಯು ನರ್ಸ್: ಇಲ್ಲಿಯೂ ನವೆಂಬರ್ 2020ರಲ್ಲಿ ಒಬ್ಬ ನರ್ಸ್‌ಗೆ ಇಬ್ಬರು ರೋಗಿಗಳೆಂದು ಅನುಪಾತ ಸಡಿಲಿಸಿದರು. ಆಪರೇಷನ್ ಥಿಯೇಟರ್‌ನಿಂದ ನೆರವಿಗೆ ಬಂದ ಸಿಬ್ಬಂದಿಗೆ ಲೈನ್ ಒಪ್ಪಿಸಲು ಭಯವಾಗುತ್ತಿತ್ತು.

ಐಸಿಯು ನರ್ಸ್, ಮಂಗಳೂರು: ಇಬ್ಬರೇ? ನನಗೆ ಐವರಿದ್ದರು.

ಪ್ರಶ್ನೆ ಕೇಳಿದವಳು: ದಯವಿಟ್ಟು ಜಗಳ ಬೇಡ. ಪಂಪ್ ಹೊರಗೋ, ಒಳಗೋ?

ನರ್ಸಿಂಗ್ ಬ್ರದರ್, ಕಲಬುರಗಿ: ಸಿಸ್ಟರ್, ನಮ್ಮಲ್ಲಿ ಹೊರಗಿಟ್ಟು ಮೂರೇ ದಿನಕ್ಕೆ ಒಳಗೆ ತಂದೆವು. 150 ಸೆಂ.ಮೀ. ಲೈನಿಗೆ ನೀರು ತುಂಬಿ ಅಳೆದಿದ್ದೆ, ಎರಡೂವರೆ ಎಂ.ಎಲ್. ಹಿಡಿಯಿತು; ಎರಡು ಜೋಡಿಸಿದರೆ ಐದು. ಹೊಸಬನೊಬ್ಬ ಲೈನಿಗೆ ಸಲೈನ್ ತುಂಬಿ ನಾರ್‌ಅಡ್ರಿನಲಿನ್ ಸಿರಿಂಜ್ ಜೋಡಿಸಿ ಗಂಟೆಗೆ 5 ಎಂ.ಎಲ್.ಗೆ ಪಂಪ್ ಓಡಿಸಿದ. ಔಷಧಿ ರೋಗಿಯನ್ನು ಮುಟ್ಟಲು ಒಂದು ಗಂಟೆ ಬೇಕೆಂದು ಅವನಿಗೆ ಹೊಳೆಯಲಿಲ್ಲ, ನಮಗೆ ಯಾರಿಗೂ ಹೊಳೆಯಲಿಲ್ಲ. ಡೋಸ್ ಸಾಲದೆಂದು ಏರಿಸುತ್ತಾ ಹೋದೆವು. ಮುಟ್ಟಿದ ಮೇಲೆ ಬಿಪಿ 210 ದಾಟಿತು. ಹೊರಗಿಡಲೇಬೇಕಾದರೆ ಲೈನಿಗೆ ಔಷಧಿಯನ್ನೇ ತುಂಬಿಸಿ, ಜೋಡಣೆ ಒಂದೇ ಇರಲಿ, ಬಾಗಿಲ ಸಂದಿನಲ್ಲಿ ಅದು ಮಡಚದಂತೆ ಸ್ಪಂಜ್ ಕಟ್ಟಿ. ನಾವು ಆಮೇಲೆ ಮಾಡಿದ್ದು ಇಷ್ಟೇ: ಪಂಪ್ ಒಳಗೆ, ಅದರ ಪರದೆ ಗಾಜಿನ ಕಡೆಗೆ, ಎರಡನೆಯ ಸಿರಿಂಜ್ ಅರ್ಧ ಗಂಟೆ ಮೊದಲೇ ತುಂಬಿ ಹಾಸಿಗೆಯ ಬಳಿ ಸಿದ್ಧ.