ಫೆರೈಟ್ ಅಯಸ್ಕಾಂತ: ಶಾಖ ಏರಿಸಿದರೆ ಸಾಂದ್ರತೆ ಬರುತ್ತದೆ, ಕೊಯರ್ಸಿವಿಟಿ ಹೋಗುತ್ತದೆ

ಪ್ರಶ್ನೆ: ಹಾಸನದ ಸಣ್ಣ ಘಟಕ

ನಮಸ್ಕಾರ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜದ ಜೊತೆ ಸೇರಿ ಬರುವ ಮೊಳೆ, ತಂತಿ ಚೂರುಗಳನ್ನು ಹಿಡಿಯುವ ಮ್ಯಾಗ್ನೆಟಿಕ್ ಸೆಪರೇಟರ್‌ಗಳನ್ನು ನಾವು ಜೋಡಿಸಿ ಕೊಡುತ್ತೇವೆ. ಅದಕ್ಕೆ ಬೇಕಾದ ಸ್ಟ್ರಾನ್ಷಿಯಂ ಫೆರೈಟ್ (ಕಬ್ಬಿಣ ಮತ್ತು ಸ್ಟ್ರಾನ್ಷಿಯಂ ಆಕ್ಸೈಡ್‌ಗಳ ಸೆರಾಮಿಕ್ ಅಯಸ್ಕಾಂತ) ಬ್ಲಾಕ್‌ಗಳನ್ನು ಹೊರಗಿನಿಂದ ತರಿಸುವ ಬದಲು ನಾವೇ ತಯಾರಿಸಲು ಹೊರಟಿದ್ದೇವೆ. ಕ್ಯಾಲ್ಸೈನ್ ಆದ (ಮೊದಲೇ ಒಮ್ಮೆ ಸುಟ್ಟ) ಪುಡಿಯನ್ನು ಕೊಂಡು ತಂದು, ಉಕ್ಕಿನ ಗುಂಡುಗಳ ಬಾಲ್ ಮಿಲ್‌ನಲ್ಲಿ ನೀರು ಸೇರಿಸಿ ಅರೆದು, ಆ ಸ್ಲರಿಯನ್ನು ಕಾಂತಕ್ಷೇತ್ರದಲ್ಲಿ ಒತ್ತಿ, ಒಣಗಿಸಿ ಸುಡುತ್ತೇವೆ.

1190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ತುಂಡಿನ ಸಾಂದ್ರತೆ ಘನ ಸೆಂ.ಮೀ.ಗೆ 4.6 ಗ್ರಾಂ, ಉಳಿಕೆ ಕಾಂತತ್ವ (ಹೊರಗಿನ ಕ್ಷೇತ್ರ ತೆಗೆದ ಮೇಲೂ ಉಳಿಯುವ ಕಾಂತತ್ವ) 3500 ಗಾಸ್, ಕೊಯರ್ಸಿವಿಟಿ (ಎದುರು ಕ್ಷೇತ್ರ ಬಂದರೂ ಕಾಂತತ್ವ ಕಳೆದುಕೊಳ್ಳದೆ ನಿಲ್ಲುವ ಶಕ್ತಿ) 3300 ಓರ್ಸ್ಟೆಡ್ ಬಂತು. 1250ಕ್ಕೆ ಏರಿಸಿದಾಗ ಸಾಂದ್ರತೆ 5.0, ಉಳಿಕೆ 3900 ಆಯಿತು. ಆದರೆ ಕೊಯರ್ಸಿವಿಟಿ 2000ಕ್ಕೆ ಕುಸಿಯಿತು. ಒಬ್ಬರು ಸಿಲಿಕಾ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಬೋರಿಕ್ ಆಮ್ಲ ಎನ್ನುತ್ತಾರೆ, ಮತ್ತೊಬ್ಬರು ಅಲ್ಯುಮಿನಾ. ಯಾವುದನ್ನು, ಎಷ್ಟು ಹಾಕಬೇಕು? ಮುಂದೆ ಪುಡಿಯನ್ನೂ ನಾವೇ ಮಾಡುವುದಾದರೆ ಕುದುರೆಮುಖದ ಮ್ಯಾಗ್ನೆಟೈಟ್ (ಒಂದು ಬಗೆಯ ಕಬ್ಬಿಣದ ಅದಿರು) ಬಳಸಬಹುದೇ?

ಉತ್ತರ 1: ಚಿಕ್ಕಮಗಳೂರು, ನಿವೃತ್ತ ಸೆರಾಮಿಕ್ ಎಂಜಿನಿಯರ್

ಮೊದಲು ಒಂದು ಕೆಲಸ ಮಾಡಿ. ಎರಡೂ ತುಂಡುಗಳನ್ನು ಸುತ್ತಿಗೆಯಿಂದ ಒಡೆದು, ಒಡೆದ ಮೈಯನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. 1190ರದ್ದು ಸ್ಲೇಟಿನಂತೆ ಮಂಕಾಗಿರುತ್ತದೆ. 1250ರದ್ದರಲ್ಲಿ ಸಣ್ಣ ಸಣ್ಣ ಮಿನುಗು ಕಂಡರೆ, ಅವು ಅತಿಯಾಗಿ ಬೆಳೆದ ಚಪ್ಪಟೆ ಹರಳುಗಳೆಂದು ತಿಳಿಯಿರಿ. ಹರಳು ಸುಮಾರು 1 ಮೈಕ್ರಾನ್‌ನ ಆಸುಪಾಸಿನಲ್ಲಿ ಇರುವವರೆಗೆ ಅದು ಒಂದೇ ಡೊಮೇನ್ (ಕಾಂತತ್ವವೆಲ್ಲ ಒಂದೇ ದಿಕ್ಕಿಗಿರುವ ಪ್ರದೇಶ) ಆಗಿ ನಿಂತು, ಎದುರು ಬರುವ ಕ್ಷೇತ್ರಕ್ಕೆ ಬಗ್ಗದೆ ತಡೆಯೊಡ್ಡುತ್ತದೆ. ಅದಕ್ಕಿಂತ ಬಹಳ ದೊಡ್ಡದಾದರೆ ಒಳಗೆ ಡೊಮೇನ್ ಗೋಡೆಗಳು ಹುಟ್ಟಿ, ಅವು ಸಲೀಸಾಗಿ ಸರಿದಾಡತೊಡಗುವುದರಿಂದ ಕೊಯರ್ಸಿವಿಟಿ ನಿಲ್ಲುವುದಿಲ್ಲ.

ಇದನ್ನು ತಡೆಯಲೆಂದೇ ಸಿಲಿಕಾ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟನ್ನು ಜೋಡಿಯಾಗಿ ಹಾಕುತ್ತಾರೆ. ಸುಡುವಾಗ ಇವೆರಡೂ ಸೇರಿ ಹರಳುಗಳ ನಡುವೆ ತೆಳುವಾದ ಗಾಜಿನಂಥ ದ್ರವವಾಗುತ್ತವೆ; ಕ್ಯಾಲ್ಸಿಯಂ ಸಾಂದ್ರತೆಗೆ ದಾರಿ ಮಾಡಿಕೊಟ್ಟರೆ, ಸಿಲಿಕಾ ಹರಳಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ತೂಕದಲ್ಲಿ ಸಿಲಿಕಾ 0.4 ಶೇಕಡಾ, ಕಾರ್ಬೊನೇಟ್ 0.8 ಶೇಕಡಾ ಇಟ್ಟು, ಬಾಲ್ ಮಿಲ್‌ಗೇ ಸುರಿದು ಒಟ್ಟಿಗೆ ಅರೆಯಿರಿ. 1210 ಡಿಗ್ರಿಯಿಂದ ಹತ್ತು ಹತ್ತು ಡಿಗ್ರಿ ಏರಿಸುತ್ತಾ ನೋಡಿ. ಸಿಲಿಕಾವನ್ನು ಕೈಬಿಗಿಯಿಲ್ಲದೆ ಸುರಿದರೆ ಸಾಂದ್ರತೆಯೇ ಬರುವುದಿಲ್ಲ. ಬೋರಿಕ್ ಆಮ್ಲದಿಂದ ಸುಡುವ ಶಾಖ ಇಳಿಯುತ್ತದೆ, ನಿಜ. ಆದರೆ ಅದು ನೀರಿನಲ್ಲಿ ಕರಗುವಂಥದ್ದು, ಆದ್ದರಿಂದ ಒತ್ತುವಾಗ ಬಸಿಯುವ ನೀರಿನೊಂದಿಗೆ ಒಂದಷ್ಟು ಹೊರಟುಹೋಗಿ, ಪ್ರತಿ ಬ್ಯಾಚೂ ಬೇರೆ ಬೇರೆಯಾಗುತ್ತದೆ. ಅಲ್ಯುಮಿನಾ ಕೊಯರ್ಸಿವಿಟಿಯನ್ನು ಖಂಡಿತ ಏರಿಸುತ್ತದೆ, ಆದರೆ ಅಲ್ಯುಮಿನಿಯಂ ಕಬ್ಬಿಣದ ಜಾಗದಲ್ಲಿ ಕೂರುವುದರಿಂದ ಉಳಿಕೆ ಕಾಂತತ್ವ ಇಳಿಯುತ್ತದೆ. ಮೊಳೆ ಹಿಡಿಯುವ ಸೆಪರೇಟರ್‌ಗೆ ಇದು ನಷ್ಟದ ವ್ಯಾಪಾರ. ಲ್ಯಾಂಥನಮ್ ಮತ್ತು ಕೋಬಾಲ್ಟ್ ಸೇರಿಸಿ ಎರಡು ಗುಣಗಳನ್ನೂ ಮೇಲೆತ್ತುವ ದಾರಿಯೂ ಇದೆ. ಕೋಬಾಲ್ಟ್‌ನ ಬೆಲೆ ಕೇಳಿದ ಮೇಲೆ ನೀವೇ ಅದನ್ನು ಬಿಡುತ್ತೀರಿ.

ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೇ ನಿಂತಿತು. ಮ್ಯಾಗ್ನೆಟೈಟ್ ಬಳಸಬಾರದೆಂದೇನೂ ಇಲ್ಲ, ಗಾಳಿಯಲ್ಲಿ ಕಾಯಿಸಿದರೆ ಅದು ಹೆಮಟೈಟ್ (ಈ ಪುಡಿಗೆ ಬೇಕಾದ ಕಬ್ಬಿಣದ ಆಕ್ಸೈಡ್) ಆಗುತ್ತದೆ. ಆದರೆ ಅದಿರಿನೊಂದಿಗೇ ಬರುವ ಸಿಲಿಕಾವನ್ನು ನಿಮ್ಮ 0.4ರ ಲೆಕ್ಕದಲ್ಲಿ ಹಿಡಿಯಬೇಕು. ಉಕ್ಕಿನ ಗುಂಡುಗಳು ಸವೆದು ಸೇರುವ ಕಬ್ಬಿಣಕ್ಕೂ ಇದೇ ಮಾತು: ಕಬ್ಬಿಣದ ಆಕ್ಸೈಡ್ ಮತ್ತು ಸ್ಟ್ರಾನ್ಷಿಯಂ ಆಕ್ಸೈಡ್‌ಗಳ ಮೋಲ್ ಅನುಪಾತವನ್ನು (ತೂಕದ್ದಲ್ಲ) ಪುಸ್ತಕದ 6ರ ಬದಲು 5.7ರ ಸುಮಾರಿಗೆ ಇಡುವುದು ಈ ಕಾರಣಕ್ಕೂ ಹೌದು.

ಉತ್ತರ 2: ಹಾಸನ, ಭೌತಶಾಸ್ತ್ರ ಅಧ್ಯಾಪಕಿ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ನಿಮ್ಮ ಅಂಕಿಗಳು ಬೇರೊಂದು ಕಡೆಗೂ ಬೆರಳು ತೋರಿಸುತ್ತಿವೆ. ಸ್ಟ್ರಾನ್ಷಿಯಂ ಫೆರೈಟ್‌ನ ಸಂತೃಪ್ತ ಕಾಂತತ್ವ (ಅದು ಪಡೆಯಬಲ್ಲ ಗರಿಷ್ಠ ಕಾಂತತ್ವ) ಸುಮಾರು 4700 ಗಾಸ್, ಪೂರ್ಣ ಸಾಂದ್ರತೆ 5.1. ಮೊದಲ ತುಂಡಿಗೆ 4700ನ್ನು 4.6ರಿಂದ ಗುಣಿಸಿ 5.1ರಿಂದ ಭಾಗಿಸಿದರೆ ಸುಮಾರು 4240 ಬರುತ್ತದೆ. ನಿಮಗೆ ಸಿಕ್ಕಿರುವುದು 3500, ಅಂದರೆ ಶೇಕಡಾ 83. ಎರಡನೆಯದಕ್ಕೂ ಹೀಗೆಯೇ ಲೆಕ್ಕ ಹಾಕಿದರೆ ಶೇಕಡಾ 85. ಕಣಗಳು ಒಂದೇ ದಿಕ್ಕಿಗೆ ಸಾಲುಗೂಡಿರುವುದು ಅಷ್ಟೇ ಎಂದಾಯಿತು. ಅದನ್ನು 92ಕ್ಕೆ ತಂದರೆ, 4.9ರ ಸಾಂದ್ರತೆಯಲ್ಲೇ 4100 ಗಾಸ್ ದಾಟಬಹುದು; 1250 ಡಿಗ್ರಿಯ ತಂಟೆಗೆ ಹೋಗಬೇಕಾಗಿಯೇ ಇಲ್ಲ. ಸ್ಲರಿಯಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿದ್ದರೆ ಕ್ಷೇತ್ರ ಎಷ್ಟೇ ಬಲವಾಗಿದ್ದರೂ ಅವು ತಿರುಗುವುದಿಲ್ಲ.

ಪ್ರಶ್ನೆ ಕೇಳಿದವರು

ಒಡೆದು ನೋಡಿದೆವು. 1250ರ ತುಂಡಿನಲ್ಲಿ, ಮುಖ್ಯವಾಗಿ ಹೊರಮೈಗೆ ಹತ್ತಿರ, ಅಭ್ರಕದ ಚೂರು ಉದುರಿಸಿದಂತೆ ಮಿನುಗಿದೆ. ನಮ್ಮ ಸ್ಲರಿಯೂ ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾಗಿಯೇ ಇರುತ್ತಿತ್ತು. ಬೇಗ ನೀರು ಬಸಿಯಲೆಂದು ಹಾಗೆ ಮಾಡುತ್ತಿದ್ದೆವು. ಇನ್ನೊಂದು ಅನುಮಾನ: ವಿದ್ಯುತ್ ಉಳಿಸಲು ಕುಲುಮೆಯ ಗಾಳಿಕಿಂಡಿಯನ್ನು ಮುಚ್ಚಿಟ್ಟಿರುತ್ತೇವೆ, ಇದರಿಂದ ತೊಂದರೆಯುಂಟೇ?

ಉತ್ತರ 1ರವರು

ಉಂಟು. ಆಮ್ಲಜನಕ ಸಾಲದಿದ್ದರೆ ಕಬ್ಬಿಣದ ಒಂದು ಪಾಲು ಎರಡರ ವೇಲೆನ್ಸಿಗೆ ಇಳಿದು, ಅದೂ ಕೊಯರ್ಸಿವಿಟಿಯನ್ನು ತಿನ್ನುತ್ತದೆ. ಕಿಂಡಿ ತೆರೆದಿಡಿ, ತಣಿಸುವಾಗಲೂ ಗಾಳಿ ಆಡುತ್ತಿರಲಿ. ಸ್ಲರಿಯನ್ನು ಮಜ್ಜಿಗೆಯಷ್ಟಲ್ಲದಿದ್ದರೂ ನೀರುದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿಟ್ಟು, ಕ್ಷೇತ್ರ ಕೊಟ್ಟು ಕೆಲವು ಕ್ಷಣ ಕಾದ ಮೇಲೆ ಪ್ರೆಸ್ಸನ್ನು ನಿಧಾನವಾಗಿ ಇಳಿಸಿ. ಸಾಲುಗೂಡುವಿಕೆ ಹೆಚ್ಚಿದಂತೆ ಸುಡುವಾಗಿನ ಕುಗ್ಗುವಿಕೆ ಕ್ಷೇತ್ರದ ದಿಕ್ಕಿನಲ್ಲಿ ಇನ್ನೂ ಹೆಚ್ಚುತ್ತದೆ, ಅಡ್ಡಲಾಗಿ ಅಷ್ಟಿರುವುದಿಲ್ಲ. ಆದ್ದರಿಂದ ಈಗಿನ ಡೈಯಲ್ಲೇ ಒತ್ತಿದರೆ ಬ್ಲಾಕಿನ ದಪ್ಪ ಕಡಿಮೆಯಾಗಿ ಬರುತ್ತದೆ. ಹಸಿ ಅಚ್ಚಿನ ಎತ್ತರವನ್ನು ಮೊದಲೇ ಹೆಚ್ಚಿಸಿಕೊಳ್ಳಿ.